ಭಾವನವರ ಕ್ಯಾರವಾನ್ ಆಫೀಸು

ಕ್ಯಾರವಾನ್ ಕೊಂಡು ನಾಲ್ಕು ವರ್ಷವಾದರೂ ಅದರೊಳಗೆ ಕೂತು ಒಂದು ಲೋಟ ಕಾಫಿ ಕುಡಿಯದ ಮನುಷ್ಯ ಇಡೀ ಆಸ್ಟ್ರೇಲಿಯಾದಲ್ಲಿ ಒಬ್ಬರೇ ಇದ್ದಾರೆ, ಅವರು ನಮ್ಮ ಭಾವ. ಇನ್ನೊಬ್ಬರು ಸಿಕ್ಕರೆ ಹೇಳಿ, ಅವರಿಗೂ ಒಂದು ನಮಸ್ಕಾರ ಹಾಕಿ ಬರುತ್ತೇನೆ!

ಭಾವ ಧಾರವಾಡದವರು, ಅಕ್ಕ ಮತ್ತು ನಾನು ಮೈಸೂರಿನವರು. ಅವರ ಮನೆ ಸಿಡ್ನಿಯ ರೌಸ್ ಹಿಲ್‌ನಲ್ಲಿ. ನಾನು, ನನ್ನ ಗಂಡ ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ, ಒಂದೇ ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ. ಭಾವ ಕಂಪನಿ ಕೆಲಸ ಬಿಟ್ಟು ಸ್ವಂತ ಕನ್ಸಲ್ಟಿಂಗ್ ಶುರು ಮಾಡಿದ ವರ್ಷ ಸಾಲ ಮಾಡಿ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿಮನೆ, ತಂದರು. ಎರಡು ಹಾಸಿಗೆ, ಗ್ಯಾಸ್ ಒಲೆ, ಪುಟ್ಟ ಫ್ರಿಜ್, ಬಿಸಿನೀರಿನ ಶವರ್, ಟಾಯ್ಲೆಟ್. ಅಕ್ಕ ಹಿಗ್ಗಿ ಹೀರೇಕಾಯಿಯಾದಳು, ಸಮುದ್ರದಂಡೆಯ ಊರುಗಳನ್ನೆಲ್ಲ ಪಟ್ಟಿ ಮಾಡಿದಳು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಭಾವನ ಕಿವಿ ಊದಿದರು. ಇಂಥ ಗಾಡಿಯನ್ನು ದುಡಿಮೆಗೆ ಬಳಸಿದರೆ ಸಾಲದ ಬಡ್ಡಿಯನ್ನು ಟ್ಯಾಕ್ಸ್ ಲೆಕ್ಕದಲ್ಲಿ ಕಳೆಯಬಹುದಂತೆ, ಸ್ವಂತಕ್ಕೆ ಬಳಸಿದ ಪಾಲನ್ನು ಮಾತ್ರ ಕಳೆಯುವಂತಿಲ್ಲವಂತೆ. ಮುಗಿಯಿತಲ್ಲ ಕಥೆ! ಅಕ್ಕನ ಪಟ್ಟಿ ಅಡುಗೆಮನೆಯಲ್ಲೇ ಉಳಿಯಿತು, ಕ್ಯಾರವಾನ್ ಮನೆ ಮುಂದಿನ ಡ್ರೈವ್‌ವೇಯಲ್ಲೇ ಆಫೀಸಾಯಿತು.

ಬೆಳಿಗ್ಗೆ ಒಂಬತ್ತಕ್ಕೆ ಭಾವ ಇಸ್ತ್ರಿ ಶರ್ಟು, ಬೂಟು ಹಾಕಿಕೊಂಡು, ಅಕ್ಕ ಕಟ್ಟಿಕೊಟ್ಟ ಡಬ್ಬಿ ಹಿಡಿದು, ಹೋಗಿ ಬರುತ್ತೇನೆಂದು ಹೇಳಿ ಹೊರಡುತ್ತಾರೆ. ಎಷ್ಟು ದೂರ? ಹದಿನಾಲ್ಕು ಹೆಜ್ಜೆ! ಮಧ್ಯಾಹ್ನ ಅದೇ ಡಬ್ಬಿ ಹಿಡಿದು ಹೊರಗೆ ಬಂದು ಹುಲ್ಲಿನ ಮೇಲೆ ಕೂತು ಉಣ್ಣುತ್ತಾರೆ. ಒಳಗೆ ಉಂಡರೆ ಅದು ಸ್ವಂತದ ಬಳಕೆಯಾಯಿತಲ್ಲ! ಒಲೆಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ಹಾಸಿಗೆಗಳ ಮೇಲೆ ಫೈಲುಗಳು ಮಲಗಿದ್ದವು. ಅಕ್ಕ ಒಳಗೆ ಕಾಲಿಟ್ಟರೆ ಏನು ಕೆಲಸವೆಂದು ಕೇಳುತ್ತಿದ್ದರು. ಹೆಂಡತಿಯನ್ನು!

ಒಂದು ಭಾನುವಾರ ಮನೆಗೆ ಬಂದ ಸ್ನೇಹಿತರ ಮಗುವಿಗೆ ಅವಸರವಾಯಿತು. ಮನೆಯ ಟಾಯ್ಲೆಟ್ಟಿನೊಳಗೆ ಬೇರೆ ಯಾರೋ ಇದ್ದರು. ಭಾವ ಒಂದು ಗಳಿಗೆ ಧರ್ಮಸಂಕಟದಲ್ಲಿ ನಿಂತು, ಕೊನೆಗೆ ಕ್ಯಾರವಾನಿನ ಬಾಗಿಲು ತೆಗೆದರು. ಮಗುವಿನ ತಾಯಿ ಥ್ಯಾಂಕ್ಸ್ ಹೇಳಿದರೆ ಇವರು ಗಡಿಯಾರ ನೋಡಿ, "ಇರಲಿ ಬಿಡ್ರಿ, ನಾಲ್ಕ್ ನಿಮಿಷ ಹೋತು" ಎಂದರಂತೆ. ಆ ನಾಲ್ಕು ನಿಮಿಷವನ್ನು ಡೈರಿಯಲ್ಲಿ ಬರೆದಿಟ್ಟು, ವರ್ಷದ ಕೊನೆಗೆ ಬಡ್ಡಿಯಲ್ಲಿ ಅಷ್ಟು ಪಾಲು ಬಿಟ್ಟೂ ಬಿಟ್ಟರು.

ಹ್ಯಾರಿಸ್ ಪಾರ್ಕ್‌ನ ಸ್ವೀಟ್ ಅಂಗಡಿಯೊಂದರ ಮಹಡಿಯಲ್ಲಿ ಕೂರುವ ಅವರ ಅಕೌಂಟೆಂಟ್ ಕನ್ನಡದವರೇ. ಆ ಡೈರಿ ನೋಡಿ ಕೈಮುಗಿದರು. "ಸಾರ್, ಎಲ್ರೂ ಟ್ರಿಪ್ ಹೋಗ್ಬಂದು ಆಫೀಸ್ ಕೆಲಸ ಅಂತಾರೆ. ಆಫೀಸ್ ಮಾಡ್ಕೊಂಡು ಟ್ರಿಪ್ಪೇ ಹೋಗ್ದೇ ಇರೋರು ನೀವೊಬ್ರೇ" ಎಂದರು. ಭಾವ ಇದನ್ನು ಹೊಗಳಿಕೆ ಎಂದೇ ತಿಳಿದು, ಕೆಳಗಿನ ಅಂಗಡಿಯಿಂದ ಒಂದು ಕಿಲೋ ಪೇಡೆ ಕಟ್ಟಿಸಿಕೊಂಡು ಮನೆಗೆ ಬಂದರು.

ಹೋದ ಚಳಿಗಾಲದಲ್ಲಿ ನನಗೆ ಹೆರಿಗೆಯಾಯಿತು. ಹೆಣ್ಣು ಮಗು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅಮ್ಮನಿಲ್ಲದ ಬಾಣಂತನ ಹೇಗೋ ಏನೋ ಎಂದು ತಿಂಗಳುಗಟ್ಟಲೆ ಹೆದರಿದ್ದೆ. ಅಕ್ಕ ವಿಮಾನ ಹತ್ತಿ ಬಂದಳು. ಅಮ್ಮ ಬಾಣಂತಿಯರಿಗೆ ಮಾಡುತ್ತಿದ್ದುದನ್ನೆಲ್ಲ ಒಂದೂ ಬಿಡದೆ ನನಗೆ ಮಾಡುತ್ತೇನೆಂದು ಪಣ ತೊಟ್ಟಿದ್ದಳು. ಮೂರನೆಯ ದಿನ ಎಣ್ಣೆನೀರು ಹಾಕಿ, ತಲೆಗೆ ಸಾಂಬ್ರಾಣಿ ಹೊಗೆ ಹಿಡಿದಳು ನೋಡಿ, ಫೈರ್ ಅಲಾರಂ ಬಡಿದುಕೊಳ್ಳತೊಡಗಿತು. ಒಂಬತ್ತು ಮಹಡಿಯ ಜನ ಬೀದಿಗಿಳಿದರು. ನಾನು ಒದ್ದೆ ಕೂದಲಿನಲ್ಲಿ ಕೂಸನ್ನು ಅವಚಿಕೊಂಡು ಚಳಿಯಲ್ಲಿ ನಡುಗುತ್ತ ನಿಂತೆ. ಫೈರ್ ಎಂಜಿನ್ ಬಂತು. ಇನ್ನೊಮ್ಮೆ ಹೀಗಾದರೆ ದಂಡ ಎಂದು ಬಿಲ್ಡಿಂಗ್ ಮ್ಯಾನೇಜರ್ ಹೇಳಿ ಹೋದ. ಅಕ್ಕ ಭಾವನಿಗೆ ಫೋನ್ ಮಾಡಿ ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮನ ಹಾಗೆ ಮಾಡುವುದು ತನ್ನ ಕೈಯಲ್ಲಿ ಆಗುವುದಿಲ್ಲ ಎಂದಳು.

ಮರುದಿನ ಸಂಜೆ ಭಾವನದೇ ಫೋನ್. ಭಾವ ಮೆಲ್ಬರ್ನಿನಲ್ಲೇ ಇದ್ದರು! ಸಿಡ್ನಿಯಿಂದ ಇಡೀ ದಿನ ಕ್ಯಾರವಾನ್ ಎಳೆದುಕೊಂಡು ಬಂದು, ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಕ್ಯಾರವಾನ್ ಪಾರ್ಕಿನಲ್ಲಿ ನಿಲ್ಲಿಸಿದ್ದರು. ನನ್ನ ಗಂಡ ನಮ್ಮನ್ನು ಕರೆದುಕೊಂಡು ಹೋದರು. ಬಾಗಿಲು ತೆಗೆದರೆ ಹಾಸಿಗೆಯ ಮೇಲೆ ಫೈಲಿಲ್ಲ, ಒಗೆದ ಹೊದಿಕೆ. ಒಲೆಯ ಪ್ಲಾಸ್ಟಿಕ್ ಹರಿದಿತ್ತು, ನೀರು ಕಾಯುತ್ತಿತ್ತು.

ನಾನು, ಮಗು, ಅಕ್ಕ ಅಲ್ಲಿ ಮೂರು ವಾರ ಇದ್ದೆವು. ಬೆಳ್ಳುಳ್ಳಿ ಒಗ್ಗರಣೆಯ ಸಾರು, ಮೆಣಸಿನ ಚಟ್ನಿ, ಶುಂಠಿ ಕಷಾಯ ಎಲ್ಲ ಆ ಒಲೆಯ ಮೇಲೆಯೇ. ಸಾಂಬ್ರಾಣಿಗೆ ಮಾತ್ರ ಹೊರಗೆ, ಟಾರ್ಪಾಲಿನ ಮರೆಯಲ್ಲಿ ಕೆಂಡ. ಪಕ್ಕದ ಕ್ಯಾರವಾನಿನ ಮುದುಕ ಇದೇನು ಬಾರ್ಬೆಕ್ಯೂನಾ ಎಂದು ಕೇಳಿದರೆ, ಭಾವ ಹೌದೆಂದು ತಲೆಯಾಡಿಸಿ, ನಾದಿನಿಯ ಕೂದಲಿನದು ಎಂದರು. ತಾವು ಮಾತ್ರ ರಾತ್ರಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಲಗಿ, ಹಗಲು ಹೊರಗೆ ಮಡಚುವ ಕುರ್ಚಿಯಲ್ಲಿ, ಮಫ್ಲರ್ ಸುತ್ತಿಕೊಂಡು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಆಫೀಸ್ ನಡೆಸಿದರು.

ಕೊನೆಯ ವಾರ ಅಕೌಂಟೆಂಟ್ ಫೋನ್ ಬಂತು. ಭಾವ ಸ್ಪೀಕರಿನಲ್ಲಿ ಮಾತನಾಡುತ್ತಿದ್ದರಿಂದ ನನಗೂ ಕೇಳಿಸಿತು. ಈ ಮೂರು ವಾರದ ಪಾಲು ಬಿಟ್ಟು ಉಳಿದ ಬಡ್ಡಿಯನ್ನೆಲ್ಲ ಕ್ಲೇಮ್ ಮಾಡಬಹುದು, ಕಾನೂನೇ ಹಾಗಿದೆ, ಯೋಚನೆ ಬೇಡ ಎಂದು ಅವರು ಸಮಾಧಾನ ಹೇಳುತ್ತಿದ್ದರು. ಭಾವ ಪೂರ್ತಿ ಬಿಟ್ಟುಬಿಡಿ, ಇನ್ನು ಮುಂದೆಯೂ ಬೇಡ ಎಂದು ಫೋನ್ ಇಟ್ಟರು.

ನನ್ನಿಂದ ಇವರ ನಾಲ್ಕು ವರ್ಷದ ವ್ರತ ಕೆಟ್ಟಿತಲ್ಲ! ನಮಗೋಸ್ಕರ ಯಾಕೆ ಬಿಡುತ್ತೀರಿ, ಮೂರೇ ವಾರ ತಾನೆ ಎಂದೆ.

ಭಾವ ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡರು. "ಈ ಕೂಸು ನಾಳೆ ನಿನ್ನ ತವರುಮನಿ ಬಾಣಂತನ ಎಲ್ಲಿ ಆತು ಅಂತ ಕೇಳಿದರ ಇದನ್ನ ತೋರಸ್ತೀಯಲ್ಲವಾ? ತವರುಮನಿ ಮ್ಯಾಲೆ ಯಾರರ ಟ್ಯಾಕ್ಸ್ ಕ್ಲೇಮ್ ಹಾಕ್ತಾರೇನು?"

ನಾನು ಜೋರಾಗಿ ಅತ್ತುಬಿಟ್ಟೆ. ಬಾಣಂತಿ ಅಳಬಾರದು, ಕಣ್ಣಿಗೆ ಒಳ್ಳೆಯದಲ್ಲ ಎಂದು ಅಕ್ಕ ಒಳಗಿನಿಂದ ಬೈದಳು, ಥೇಟ್ ಅಮ್ಮನ ಹಾಗೆಯೇ.