ಹುಬ್ಬಿನ ತಬಲಾ, ಕೆನ್ನೆಯ ಶಹನಾಯಿ

ಈ ಸಲ ಕಾಲೇಜ್ ಡೇ ಸ್ಟೇಜ್ ನನ್ನದೇ ಎಂದು ಕ್ಲಾಸಿಗೆಲ್ಲ ಸಾರಿಬಿಟ್ಟಿದ್ದೆ! ವಾದ್ಯ ಯಾವುದು ಗೊತ್ತೇ? ನನ್ನ ಮುಖ! ಲ್ಯಾಪ್‌ಟಾಪಿನ ಕ್ಯಾಮೆರಾ ಮುಖವನ್ನೇ ನೋಡುತ್ತಿರುತ್ತದೆ. ಹುಬ್ಬು ಹಾರಿಸಿದರೆ ತಬಲಾ, ಬಾಯಿ ತೆರೆದರೆ ಕೊಳಲು, ಕೆನ್ನೆ ಉಬ್ಬಿಸಿದರೆ ಶಹನಾಯಿ, ಎಡಗಣ್ಣು ಮುಚ್ಚಿದರೆ ಗಂಟೆ! ಎರಡು ವಾರ ಕೂತು ಆ ಪ್ರೋಗ್ರಾಂ ಬರೆದ ಮಹಾಮೇಧಾವಿ, ಸತ್ಯನಾರಾಯಣಪೇಟೆಯ ಮೌನಿಕಾ, ಅಂದರೆ ನಾನೇ!

ಸ್ಟೇಜಿನಲ್ಲಿ ಉಳಿದದ್ದು ಒಂದೇ ಜಾಗ. ಅದಕ್ಕೆ ಪೈಪೋಟಿ ಇಬ್ಬರದು: ನಾನು, ಮತ್ತೆ ನಮ್ಮ ಕ್ಲಾಸಿನಲ್ಲಿ ಕೀಬೋರ್ಡ್ ಬಾರಿಸುವ ಹನುಮೇಶ.

"ಏ ಮೌನಿ, ಮಾರಿ ಸೊಟ್ಟ ಮಾಡೋದು ಮ್ಯೂಸಿಕ್ ಆದ್ರ, ನಿಮ್ಮ ಮಾಳಿಗಿ ಮ್ಯಾಲಿನ ಮಂಗ್ಯಾಗಳೂ ಉಸ್ತಾದ್ ಆಗ್ತಾವು!" ಎಂದ.

"ಭಾನುವಾರ ನೋಡ್ಕೊ ಮಗನ!" ಎಂದೆ. ಅವತ್ತು ವಿಡಿಯೋ ಕಾಲ್‌ನಲ್ಲಿ, ಕಾಲೇಜ್ ಡೇ ಕಾರ್ಯಕ್ರಮ ಆರಿಸುವ ಹುಮೇರಾ ಮೇಡಂ ಎದುರು ಐದು ನಿಮಿಷದ ಆಡಿಷನ್.

ಶನಿವಾರ ರಾರಾವಿ ಹಳ್ಳಿಯಿಂದ ಜಡೆಮ್ಮಜ್ಜಿ ಬಂದಿಳಿದಳು. ನನ್ನ ತಪ್ಪು ಒಂದೇ, ಇಯರ್‌ಫೋನ್ ಹಾಕಿಕೊಂಡು ಪ್ರಾಕ್ಟೀಸ್ ಮಾಡಿದ್ದು! ನನ್ನ ಕಿವಿಯೊಳಗೆ ಭರ್ಜರಿ ಕಛೇರಿ. ಅಜ್ಜಿಗೆ ಕಂಡದ್ದು ಮಾತ್ರ ಕೆನ್ನೆ ಉಬ್ಬಿಸಿ, ಒಂದು ಕಣ್ಣು ಮುಚ್ಚಿ, ಸದ್ದಿಲ್ಲದೆ ಹುಬ್ಬು ಕುಣಿಸುತ್ತಿದ್ದ ಮೊಮ್ಮಗಳು!

"ಏ ಪಂಪಾ, ಹುಡುಗಿಗೆ ಏನಾಗೈತೇ?" ಅಜ್ಜಿ ಅಮ್ಮನನ್ನು ಕೇಳಿದಳು.

"ಏನಿಲ್ಲಬೇ. ಅದೇನೋ ಪ್ರಾಜೆಕ್ಟಂತ."

"ಇಂಥ ಪ್ರಾಜೆಕ್ಟ್ ನಮ್ಮೂರಾಗ ಬಂದ್ರ ಬೇವಿನ ಸೊಪ್ಪಿಲೇ ಬಿಡಸ್ತಾರ!"

ಭಾನುವಾರ ಆಡಿಷನ್ನಿನ ಮೊದಲ ನಾಲ್ಕು ನಿಮಿಷ ಹೂವೆತ್ತಿದಂತೆ ಸಾಗಿತು. ಪರದೆಯಲ್ಲಿ ಮೇಡಂ ತಲೆದೂಗುತ್ತಿದ್ದರು. ಕೊನೆಯ ಶಹನಾಯಿಗೆ ಕೆನ್ನೆ ಉಬ್ಬಿಸಿದ್ದೇ ತಡ, ಹಿಂದಿನಿಂದ ಅಜ್ಜಿಯ ಮುಷ್ಟಿ ಬಂತು. ಅದರೊಳಗೆ ಉಪ್ಪು, ಒಣ ಮೆಣಸಿನಕಾಯಿ! ನನ್ನ ತಲೆಯ ಸುತ್ತ ಗರಗರ ತಿರುಗತೊಡಗಿತು.

"ನಾಯಿ ಕಣ್ಣು, ನರಿ ಕಣ್ಣು, ಕಾಲೇಜಿನೋರ ಕಣ್ಣು, ಆ ಕಂಪ್ಯೂಟರಿನ ಕಣ್ಣು..."

"ಅಜ್ಜೀ, ಬ್ಯಾಡ!" ಎಂದು ಕೂಗಿದೆ. ಕೂಗಲು ಬಾಯಿ ತೆರೆದೆನಲ್ಲ, ಎರಡು ಸಲ ಕೊಳಲು ಮೊಳಗಿತು!

ಅಜ್ಜಿ ಪಕ್ಕದ ಅಡುಗೆಮನೆಗೆ ಹೋಗಿ, ಕಾದ ಹಂಚಿನ ಮೇಲೆ ಮುಷ್ಟಿ ಬಿಚ್ಚಿದಳು. ನಡುವೆ ಇದ್ದದ್ದು ಬರೀ ಪರದೆ ಬಟ್ಟೆ. ಬಂತಪ್ಪ ಹೊಗೆ! ನಾನು ಕೆಮ್ಮಿದೆ, ಸೀನಿದೆ, ಕಣ್ಣು ಪಿಳಿಪಿಳಿ ಬಡಿದೆ. ತಬಲಾ, ಕೊಳಲು, ಗಂಟೆ, ಶಹನಾಯಿ ಎಲ್ಲ ಒಟ್ಟಿಗೆ ಎದ್ದವು, ಒಂದೇ ಓಣಿಯಲ್ಲಿ ಮೂರು ಮದುವೆ ಮೆರವಣಿಗೆ ಡಿಕ್ಕಿ ಹೊಡೆದ ಹಾಗೆ!

ಮುಗಿಯಿತು, ಸ್ಟೇಜ್ ಹನುಮೇಶನ ಪಾಲಾಯಿತು ಎಂದು ಕಣ್ಣೊರೆಸಿಕೊಂಡೆ. ಆಗ ಮೇಡಂ ದನಿ.

"ವ್ಹಾ ಮೌನಿಕಾ! ಮೊದ್ಲು ಬಾರಿಸಿದ್ದು ಚಲೋ ಇತ್ತಮ್ಮಾ, ಆದ್ರೆ ನಿದ್ದಿ ಬರೋ ಹಂಗಿತ್ತು. ಆಖ್ರಿಗೆ ಬಾರಿಸಿದ್ಯಲ್ಲಾ, ಅದು ಬೇಕು! ಸೆಲೆಕ್ಟ್! ಹಿಂದೆ ಕೈ ತಿರುಗಿಸ್ತಿದ್ರಲ್ಲ, ಆ ಅಜ್ಜಿನೂ ಕರ್ಕೊಂಡು ಬಾ!"

ಕುರ್ಚಿಯಿಂದ ಹಾರಿದೆ! ಮೂಗು ಸೋರುತ್ತಿದ್ದರೂ ಅಡುಗೆಮನೆಗೆ ನುಗ್ಗಿ ಅಜ್ಜಿಯ ಮುಂದೆ ಎದೆಯುಬ್ಬಿಸಿ ನಿಂತೆ.

"ಅಜ್ಜೀ, ನನ್ನ ಮಾರಿ ಸೆಲೆಕ್ಟ್ ಆತು! ಎಲ್ಲಾ ನಿನ್ನಿಂದ. ದೃಷ್ಟಿ ಪೂರಾ ಹೋತಲ್ಲ?"

ಅಜ್ಜಿ ಕೆಮ್ಮುತ್ತಲೇ ಹಂಚು ನೋಡಿದಳು, ನನ್ನನ್ನು ನೋಡಿದಳು.

"ಎಲ್ಲೀ ದೃಷ್ಟಿ? ದೃಷ್ಟಿ ಆಗಿದ್ರ ಮೆಣಸಿನಕಾಯಿ ಸುಟ್ರೂ ಘಾಟು ಬರಂಗಿಲ್ಲ. ಇವತ್ತು ಓಣಿಯೆಲ್ಲಾ ಕೆಮ್ಮಾಕತ್ತೈತಿ!"

ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನಿಟ್ಟುಸಿರು ಬಿಟ್ಟಳು.

"ನಿನಗ ಯಾರ ಕಣ್ಣೂ ಬಿದ್ದಿಲ್ಲ ತಾಯಿ. ನಿನ್ನ ಮಾರಿನೇ ಹಂಗೈತಿ!"