ಬೆಳಗದೇ ಉಳಿದ ಬೆಲ್ಟಿನ ದೀಪಕ್ಕೆ

ಮಾನ್ಯರೇ,

ವ್ಯಾನಿನ ಮೀಟರಿನ ಪಕ್ಕದಲ್ಲಿ ವಿರಾಜಮಾನರಾಗಿ, ಲಕ್ಷ ಕಿಲೋಮೀಟರ್ ತುಂಬಿದೊಡನೆ ಹಳದಿಯಾಗಿ ಬೆಳಗಿ, ಇಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಿಸುವ ಕಾಲ ಬಂದಿತೆಂದು ಸಾರಬೇಕಾದ ತಮ್ಮ ಸನ್ನಿಧಾನಕ್ಕೆ, ಗಂಪೊಳದಿಂದ ಕ್ಯಾಂಡಿಗೆ ದಿನವೂ ಹತ್ತೊಂಬತ್ತು ಮಕ್ಕಳನ್ನು ಶಾಲೆಗೆ ಸಾಗಿಸುವ ಚಾಲಕ ವಿಮಲಸೇನನು ಕೈಮುಗಿದು ಸಲ್ಲಿಸುವ ದೂರು ಇದು.

ಎರಡು ವರ್ಷದಿಂದ ತಾವು ಒಮ್ಮೆಯೂ ಬೆಳಗಲಿಲ್ಲ. ತಮ್ಮ ಈ ಸಂಯಮವನ್ನು ಎಷ್ಟು ಹೊಗಳಿದರೂ ಸಾಲದು. ಇದಕ್ಕೆ ನಾನು ಮಾಡಿದ ಅಲ್ಪ ಸೇವೆಯನ್ನೂ ಮರೆಯಬಾರದು: ವ್ಯಾನ್ ಮಾರುವ ಮುನ್ನ ನಮ್ಮೂರಿನ ಮರ್ಯಾದಸ್ಥರೆಲ್ಲ ಮಾಡುವಂತೆ, ತೊಂಬತ್ತೇಳು ಸಾವಿರ ತೋರುತ್ತಿದ್ದ ಮೀಟರನ್ನು ನಲವತ್ತೊಂದು ಸಾವಿರಕ್ಕೆ ಹಿಂದಕ್ಕೆ ತಿರುಗಿಸಿದವನು ನಾನೇ. ಕೊಳ್ಳಲು ಬಂದವನು ಬ್ರೇಕ್ ಪೆಡಲಿನ ಸವೆದ ರಬ್ಬರನ್ನು ನೋಡಿ, “ಅಣ್ಣಾ, ಮೀಟರಿಗೆ ಹೇಳಿಕೊಟ್ಟಿದ್ದನ್ನ ಪೆಡಲಿಗೂ ಹೇಳಿಕೊಡ್ಬೇಕಿತ್ತು” ಎಂದು ನಕ್ಕು, ಚಹಾ ಕುಡಿದು ಹೋದ. ವ್ಯಾನ್ ನನ್ನಲ್ಲೇ ಉಳಿಯಿತು.

ಕಳೆದ ತಿಂಗಳು ಮೀಟರ್ ಅರವತ್ತು ಸಾವಿರ ದಾಟಿತು. ನಿಜವಾಗಿ ಎಷ್ಟಾಯಿತೆಂದು ಕೂಡಿಸಲು ನನಗೆ ಬರುತ್ತಿರಲಿಲ್ಲವೆಂದು ತಿಳಿಯಬೇಡಿ. ಕೂಡಿಸಿದರೆ ಬೆಲ್ಟ್ ಬದಲಿಸಬೇಕಾಗುತ್ತಿತ್ತು. ಆದ್ದರಿಂದ ಪ್ರತಿ ಬೆಳಿಗ್ಗೆ ತಮ್ಮ ಕಡೆ ನೋಡಿ, “ದೀಪ ಹತ್ತಿಲ್ಲವಲ್ಲ” ಎಂದು ನೆಮ್ಮದಿಯಿಂದ ಹೊರಡುತ್ತಿದ್ದೆ. ಬೆಲ್ಟ್ ಹರಿದರೆ ಇಂಜಿನ್ ಅಲ್ಲೇ ನಿಲ್ಲುತ್ತದೆ, ಇಳಿಜಾರಿನಲ್ಲಿ ಬ್ರೇಕ್ ತುಳಿಯಲಾರದಷ್ಟು ಗಟ್ಟಿಯಾಗಿ ಕಲ್ಲಿನಂತಾಗುತ್ತದೆ ಎಂಬುದೂ ತಿಳಿದಿತ್ತು. ಆ ವಿದ್ಯೆಯನ್ನು ನಾನು ಉಪಯೋಗಿಸಿದ್ದು ಒಂದೇ ಕಡೆ. ನನ್ನ ಮಗಳು ದಿನೂಷಿಯನ್ನು, ಬಸ್ ನಿಲ್ದಾಣದವರೆಗೆ ನಡೆದರೆ ಕಾಲು ಗಟ್ಟಿಯಾಗುತ್ತದೆಂದು ಹೇಳಿ, ವ್ಯಾನಿನ ಬದಲು ಬಸ್ಸಿಗೆ ಕಳಿಸಲು ಶುರುಮಾಡಿದೆ.

ಹೆಂಡತಿ ಮಾಲ್ಕಾಂತಿ ತೆಂಗಿನಹಾಲಿನ ಅನ್ನ ಕಿರಿಬತ್ತನ್ನು ತಟ್ಟೆಗೆ ಹಾಕುತ್ತಾ ಕೇಳಿದಳು: “ಹತ್ತೊಂಬತ್ತು ಜನರ ಮಕ್ಕಳಿಗೆ ನಿಮ್ಮ ವ್ಯಾನು. ನಮ್ಮವಳಿಗೆ ಮಾತ್ರ ಬಸ್ಸು ಯಾಕ್ರೀ?”

ನನಗೆ ನಾಚಿಕೆಯಾಯಿತು, ಮಾನ್ಯರೇ. ಅಂದೇ ವ್ಯಾನನ್ನು ಮೆಕಾನಿಕ್ ಪಿಯದಾಸ ಬಾಸ್ ಅವರ ಶೆಡ್ಡಿಗೆ ಒಯ್ದೆ. ಅವರು ಹಳೆಯ ಬೆಲ್ಟನ್ನು ಬಿಚ್ಚಿ ಮಡಿಸಿ ತೋರಿಸಿದರು. ಹಲ್ಲುಗಳ ಬುಡದಲ್ಲಿ ಬಿರುಕು ಬಿಟ್ಟಿತ್ತು. ಹೊಸದನ್ನು ಹಾಕಿದ ಮೇಲೆ ಚೀಟಿಯಲ್ಲಿ ಕಿಲೋಮೀಟರಿನ ಜಾಗ ಖಾಲಿ ಬಿಟ್ಟು ತಾರೀಖು ಮಾತ್ರ ಬರೆದರು. “ಕ್ಯಾಲೆಂಡರ್ ಹಿಂದಕ್ಕೆ ತಿರುಗಿಸೋ ಅಂಗಡಿ ಗಂಪೊಳದಲ್ಲಿ ಇನ್ನೂ ತೆರೆದಿಲ್ಲ ತಾನೆ, ವಿಮಲಸೇನ?” ಎಂದರು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ. ಇನ್ನು ಮುಂದೆ ತಾವು ಮೀಟರನ್ನು ನಂಬಬಾರದು. ಚಾಲಕನ ಮುಖ ನೋಡಿ ಬೆಳಗಬೇಕು. ಅವನು ಬೇರೆಯವರ ಮಕ್ಕಳನ್ನು ಎಣಿಸಿ ಹತ್ತಿಸಿಕೊಂಡು ತನ್ನ ಮಗುವನ್ನು ಮಾತ್ರ ಕೆಳಗೆ ಬಿಟ್ಟು ಹೊರಟ ಕ್ಷಣ, ಊರಿಗೆಲ್ಲ ಕಾಣುವಂತೆ ಉರಿಯಬೇಕು. ಇದು ತಮ್ಮ ಕರ್ತವ್ಯದ ಪಟ್ಟಿಯಲ್ಲಿಲ್ಲವೆಂದು ಬಲ್ಲೆ. ನನ್ನ ಪಟ್ಟಿಯಲ್ಲಿತ್ತು.

ತಮ್ಮ ಮೌನದ ಫಲಾನುಭವಿ ಹಾಗೂ ತಮ್ಮ ವಿಶ್ವಾಸಿ,
ವಿಮಲಸೇನ

ಮತ್ತೊಂದು ಮಾತು: ಇಂದು ಬೆಳಿಗ್ಗೆ ದಿನೂಷಿ ವ್ಯಾನಿಗೆ ಮರಳಿದಳು. ಹತ್ತುವ ಮೊದಲು ಮುಂದಿನ ಸೀಟು ಎತ್ತಿಸಿ, ಅದರಡಿಯ ಇಂಜಿನ್ನಿನ ಮೇಲೆ ಅಂಟಿಸಿದ ಚೀಟಿಯ ತಾರೀಖನ್ನು ತಾನೇ ಬಗ್ಗಿ ಓದಿದಳು. ತಮ್ಮ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ.