ವಾಲುವ ಮಾವ

ಹಗ್ಗ ಮುಟ್ಟದೆ ಹಗ್ಗಜಗ್ಗಾಟದಲ್ಲಿ ಬೀಳಲು ಸಾಧ್ಯವೇ? ಸಾಧ್ಯವಿಲ್ಲ ಎನ್ನುವವರು ನಮ್ಮ ಸೋದರಮಾವನನ್ನು ನೋಡಿಲ್ಲ. ಅವನು ಪ್ರೇಕ್ಷಕರ ಸಾಲಿನಲ್ಲಿ ನಿಂತಲ್ಲೇ ಬೀಳುತ್ತಾನೆ. ಅದೂ ಹಿಂದಕ್ಕೆ, ಇಲ್ಲದ ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು! (ಸೋದರಮಾವನನ್ನು ಏಕವಚನದಲ್ಲಿ ಕರೆಯುವುದು ನಮ್ಮ ಮನೆಯ ಹೆಣ್ಣುಮಕ್ಕಳ ಹುಟ್ಟು ಹಕ್ಕು. ಅವನ ಹೆಂಡತಿಗೆ, ಅಂದರೆ ನಮ್ಮ ಅತ್ತೆಗೆ, ಮಾತ್ರ ಬಹುವಚನ. ಅದು ಗೌರವವೋ ಹೆದರಿಕೆಯೋ ಎಂದು ನಾನು ಯೋಚಿಸಲು ಹೋಗಿಲ್ಲ.)

ಮಾವನಿಗೆ ಪಾಳ್ಯದ ಹತ್ತಿರ ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ. ಬೆಳಿಗ್ಗೆ ಸ್ನಾನ, ವಿಭೂತಿ, ಪೂಜೆ, ಆಮೇಲೆ ತೋಟ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ‘ಪರವಾಗಿಲ್ಲ ಬಿಡಿ’ ಎನ್ನುವ ಸಾಧು. ಅಂಥವನಿಗೆ ಅಂಟಿದ ರೋಗ ಒಂದೇ: ನಮ್ಮ ಹೋಬಳಿಯ ಹಗ್ಗಜಗ್ಗಾಟದ ಟೀಮು. ವಯಸ್ಸಿದ್ದಾಗ ಅವನೂ ಎಳೆಯುತ್ತಿದ್ದನೇ ಎಂದು ಕೇಳಬೇಡಿ. ಮಾವ ಹುಟ್ಟಾ ಒಣಕಲು. ಹಗ್ಗದ ತೂಕವೂ ಅವನ ತೂಕವೂ ಒಂದೇ ಎಂದು ಆಗಿನವರು ಅವನನ್ನು ಸೇರಿಸಿಕೊಳ್ಳಲೇ ಇಲ್ಲವಂತೆ. ಎಳೆಯಲು ಬಿಡದಿದ್ದರೇನು, ನೋಡಲು ಬಿಡುವುದಿಲ್ಲವೇ? ಆವತ್ತಿನಿಂದ ನೋಡುತ್ತಿದ್ದಾನೆ.

ನೋಡುವುದು ಎಂದರೆ ನಾವು ನೀವು ನೋಡಿದ ಹಾಗಲ್ಲ. ಬಸ್ಸು ಶಿರಾಡಿ ಘಾಟಿ ಇಳಿಯುವಾಗ ಡ್ರೈವರಿನ ಜೊತೆ ನಾವೂ ಕೂತಲ್ಲೇ ಬ್ರೇಕ್ ಒತ್ತುವುದಿಲ್ಲವೇ? ಮಾವನದೂ ಅದೇ ಜಾತಿ, ಸ್ವಲ್ಪ ಉಲ್ಬಣಿಸಿದ್ದು. ಪೀಪಿ ಊದಿದ ಕೂಡಲೇ ಅವನ ಹಿಮ್ಮಡಿ ನೆಲ ಕಚ್ಚುತ್ತದೆ, ಮೊಣಕಾಲು ಬಾಗುತ್ತದೆ, ಬೆನ್ನು ಹಿಂದಕ್ಕೆ ವಾಲುತ್ತದೆ. ‘ಹಾಕ್ರೋ! ಹಾಕ್ರೋ!’ ಎಂದು ಕೂಗುತ್ತ ವಾಲುತ್ತಾನೆ, ವಾಲುತ್ತಾನೆ, ಕೊನೆಗೆ ಹಿಂದೆ ನಿಂತವರ ಮೇಲೆ ಒರಗುತ್ತಾನೆ.

ಹಿಂದೆ ನಿಂತವರು ಯಾವಾಗಲೂ ನಮ್ಮ ಅತ್ತೆ. ಅತ್ತೆಗೆ ಆಟದ ಮೇಲೆ ಅಷ್ಟಕ್ಕಷ್ಟೇ. ಆದರೆ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ಬಗಲಲ್ಲಿ ಒಂದು ಕರೀ ಕೊಡೆ ಸಿಕ್ಕಿಸಿಕೊಂಡು ಮಾವನ ಬೆನ್ನಿಗೆ ಸರಿಯಾಗಿ ನಿಂತು, ಮೊದಲಿಂದ ಕೊನೆಯವರೆಗೆ ಬೈಯುತ್ತಾರೆ.

“ಏನ್ರೀ, ಎಳೀತಿರೋದು ಆ ಹುಡುಗ್ರು. ನೀವ್ಯಾಕೆ ನನ್ ಮೇಲೆ ಒರಗ್ತೀರಿ?”

“ಜೊತೀಗೆ ನಾವೂ ಎಳೀಬೇಕು ಕಣೇ.”

“ಎಳ್ದಿದ್ದು ಸಾಕು. ನನ್ ಸೊಂಟ ಬಿದ್ದೋಯ್ತು!”

ಬೈಯುವುದಕ್ಕಾಗಿಯೇ ಇಷ್ಟು ದೂರ ಬರುವ ಹೆಂಗಸು ಎಂದು ಊರೆಲ್ಲ ನಗುತ್ತಿತ್ತು. ನಾನೂ ನಕ್ಕಿದ್ದೇನೆ.

ಈ ವರ್ಷ ಮಾತ್ರ ನಮ್ಮ ಟೀಮಿನ ಹಣೆಬರಹ ಚೆನ್ನಾಗಿರಲಿಲ್ಲ. ಶ್ರಾವಣದಲ್ಲಿ ನಾಟಿ ಮುಗಿದ ಮೇಲೆ ಒಂದು ಗದ್ದೆಯನ್ನು ಹಾಗೇ ಉಳಿಸಿ ಕೆಸರಿನಲ್ಲಿ ಆಟ ಆಡಿಸುತ್ತಾರಲ್ಲ, ಅಲ್ಲಿಂದಲೇ ಶುರುವಾಯಿತು. ಮೂರು ಎಳೆತದಲ್ಲಿ ಎರಡು ಗೆದ್ದವರಿಗೆ ಪಂದ್ಯ. ಮೊದಲನೆಯದು ಸೋತರು. ಎರಡನೆಯದಕ್ಕೆ ತಂಡಗಳು ಕಡೆ ಬದಲಾಯಿಸಿದವು. ಇದು ಮಾವನಿಗೂ ಗೊತ್ತಿರುವ ನಿಯಮವೇ. ಆದರೆ ಅಷ್ಟರಲ್ಲಿ ಹದಿನಾರು ಜನರೂ ತಲೆಯಿಂದ ಕಾಲಿನವರೆಗೆ ಒಂದೇ ಬಣ್ಣಕ್ಕೆ ತಿರುಗಿದ್ದರು. ಮಾವ ಮೊದಲು ನೋಡಿದ ಬದಿಯನ್ನೇ ನೋಡುತ್ತ, ಗಂಟಲು ಹರಿಯುವಂತೆ ಕೂಗಿ, ಅತ್ತೆಯ ಮೇಲೆ ಪೂರಾ ಒರಗಿ, ಎದುರಾಳಿಗಳನ್ನು ಗೆಲ್ಲಿಸಿಬಿಟ್ಟ! ಅವರ ಕ್ಯಾಪ್ಟನ್ ಬಂದು ಕೆಸರು ಕೈಯಿಂದ ಮಾವನ ಕೈ ಕುಲುಕಿದ.

“ನಿಮ್ ಕೂಗಿಗೇ ಬಲ ಬಂತು ಕಣ್ರೀ ಯಜಮಾನ್ರೇ. ಯಾವೂರು ನಿಮ್ದು?”

ಮಾವನಿಗೆ ಊರಿನ ಹೆಸರು ಹೇಳಲು ಬಾಯಿ ಬರಲಿಲ್ಲ. ಅತ್ತೆಯೇ ಹೇಳಿದರು. ಆಮೇಲೆ ಮಾವನಿಗೆ ಹೇಳಿದ್ದು ಇದು: “ನೀವು ಯಾರಿಗ್ ಕೂಗಿದ್ರೂ ಗೆಲ್ತಾರೆ, ನಮ್ಮೋರೊಬ್ರು ಬಿಟ್ಟು.”

ಮುಂದಿನದು ಗಣೇಶನ ಹಬ್ಬದ ಪಂದ್ಯ. ಎದುರಾಳಿಗಳು ಸಕಲೇಶಪುರದ ಆಚೆಯವರು, ಹೊತ್ತಾದರೂ ಪತ್ತೆಯಿಲ್ಲ. ಫೋನು ಮಾಡಿದರೆ, ಎಸ್ಟೇಟ್ ರಸ್ತೆಯಲ್ಲಿ ಕಾಡಾನೆ ನಿಂತಿದೆ, ಟೆಂಪೋ ಮುಂದೆ ಬಿಡುತ್ತಿಲ್ಲ ಎಂದರು. ನಮ್ಮ ಕಡೆ ಇದು ಸುಳ್ಳು ಹೇಳಲು ಬಳಸುವ ನೆಪವಲ್ಲ. ಆನೆ ನಿಂತಿದೆ ಎಂದರೆ ನಿಂತಿದೆ. ವ್ಯವಸ್ಥಾಪಕರು ಗಡಿಯಾರ ನೋಡಿ, ನಮ್ಮವರೇ ಗೆದ್ದರೆಂದು ಮೈಕಿನಲ್ಲಿ ಹೇಳಿಯೂಬಿಟ್ಟರು. ಹುಡುಗರು ಕುಣಿದರು. ಮಾವ ಹೋಗಿ ಮೈಕಿನವನ ಕೈ ಹಿಡಿದುಕೊಂಡ.

“ಗೆದ್ದಿದ್ದು ಆನೆ, ನಾವಲ್ಲ. ಅವರು ಬರೋಗಂಟ ಕಾಯಾನ.”

“ಯಜಮಾನ್ರೇ, ಸುಮ್ನಿರಿ ಮಾರಾಯ್ರೆ!” ಎಂದು ಹುಡುಗರು ಗೋಗರೆದರು. ಮಾವ ಸುಮ್ಮನಿರುವವನೇ? ಕಾದರು. ಆನೆ ಪಕ್ಕದ ತೋಟಕ್ಕೆ ಇಳಿಯಿತು, ಸಾಯಂಕಾಲಕ್ಕೆ ಸರಿಯಾಗಿ ಟೆಂಪೋ ಬಂತು. ಬಂದವರು ನೀರು ಕುಡಿದು, ಗಣೇಶನಿಗೆ ಕೈಮುಗಿದು, ನಮ್ಮವರನ್ನು ಎರಡು ಎಳೆತದಲ್ಲಿ ಮಲಗಿಸಿ, ಬಹುಮಾನ ತೆಗೆದುಕೊಂಡು ಹೊರಟುಹೋದರು. ಆವತ್ತು ವಾಪಸು ಬರುವಾಗ ಜೀಪಿನಲ್ಲಿ ಯಾರೂ ಮಾವನ ಪಕ್ಕ ಕೂರಲಿಲ್ಲ. ಅತ್ತೆ ಕೂತರು, ಬೈಯಲಿಕ್ಕೆ ಅನುಕೂಲವಾಗಲೆಂದು.

ದಸರೆಯಲ್ಲೂ ಸೋತರು. ಅದಾದ ಮೇಲೆ ಲ್ಯಾನ್ಸಿ ಮಾವನ ಮನೆಗೆ ಬಂದ. ಲ್ಯಾನ್ಸಿಯದು ಬಾಳ್ಳುಪೇಟೆಯಲ್ಲಿ ಬೇಕರಿ. ಅವರ ಅಜ್ಜನ ಕಾಲದಲ್ಲಿ ಮಂಗಳೂರಿನ ಕಡೆಯಿಂದ ಘಾಟಿ ಹತ್ತಿ ಬಂದವರು. ಆಳು ಅವನ ಒಲೆಯಷ್ಟೇ ಅಗಲ. ಟೀಮಿನ ಕ್ಯಾಪ್ಟನ್ನೂ ಅವನೇ, ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡು ಎಲ್ಲರ ಹಿಂದೆ ನಿಲ್ಲುವ ಕೊನೆಯಾಳೂ ಅವನೇ. ಒಂದು ಪೊಟ್ಟಣ ಖಾರದ ಬಿಸ್ಕತ್ತು ಜಗಲಿಯ ಮೇಲಿಟ್ಟು, ನೆಲ ನೋಡುತ್ತ ಹೇಳಿದ:

“ಬೇಜಾರ್ ಮಾಡ್ಕಬೇಡಿ ಯಜಮಾನ್ರೇ. ರಾಜ್ಯೋತ್ಸವಕ್ಕೆ ಒಂದೇ ಒಂದು ಎಳೆತನಾದ್ರೂ ಗೆಲ್ಲದಿದ್ರೆ ಹಗ್ಗ ಸುತ್ತಿ ಅಟ್ಟಕ್ಕೆ ಹಾಕೋದೇ. ಹುಡುಗ್ರೆಲ್ಲಾ ಹೇಳ್ಬುಟ್ಟವ್ರೆ. ಎಲ್ಲೋದ್ರೂ ನಗ್ತಾರೆ ಅಂತಾರೆ.”

ಮಾವ ಆ ದಿನ ಊಟಕ್ಕೆ ಏಳಲಿಲ್ಲ. ಇದೇನು ತಮಾಷೆಯ ವಿಷಯವಲ್ಲ. ಕಾಫಿಗೆ ಕಾಯಿಕೊರಕ ಹುಳ ಬಿದ್ದಾಗಲೂ ಉಂಡು ಮಲಗಿದ ಮನುಷ್ಯ ಅವನು.

ಉಪಾಯ ಹೊಳೆದದ್ದು ಅತ್ತೆಗೆ. ನಮ್ಮ ಗುಡ್ಡದ ಸೀಮೆಯಲ್ಲಿ ಸಮನಾದ ಜಾಗ ಎಂದರೆ ಕಾಫಿ ಒಣಗಿಸುವ ಕಣ. ಕೊಯ್ಲು ಶುರುವಾಗುವವರೆಗೆ ಖಾಲಿ ಇರುತ್ತದೆಂದು ಮಾವ ತನ್ನ ಕಣವನ್ನು ಟೀಮಿಗೆ ಬಿಟ್ಟುಕೊಟ್ಟಿದ್ದ. ಅದರ ಅಂಚಿನಲ್ಲೊಂದು ದಪ್ಪನೆಯ ಸಿಲ್ವರ್ ಮರ. ಅದಕ್ಕೆ ಹಗ್ಗ ಕಟ್ಟಿ, ವಿಭೂತಿ ಹಚ್ಚಿ, ಎಂಟು ಜನ ದಿನಾ ಸಾಯಂಕಾಲ ಎಳೆಯುವುದು. ಇದು ಮಾವನೇ ಕಂಡುಹಿಡಿದ ತರಬೇತಿ. ಮರ ಅಲುಗಲಿಲ್ಲ. ಅದಕ್ಕೆ ಹಬ್ಬಿಸಿದ್ದ ಮೆಣಸಿನ ಬಳ್ಳಿ ಮಾತ್ರ ಅರ್ಧ ಕೆಳಗೆ ಬಂತು. ಅತ್ತೆ ಒಂದು ಸಾಯಂಕಾಲ ದನ ಹೊಡೆದುಕೊಂಡು ಬರುವಾಗ ಅಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದರು.

“ಅಲ್ಲ ಕಣ್ರೋ, ಆ ಮರ ಯಾವತ್ತಾದ್ರೂ ಈ ಕಡೀಕೆ ಬಂದೈತಾ?”

“ಇಲ್ಲ ಅಮ್ಮಾ.”

“ಮತ್ತೆ? ಬರದೇ ಇರೋದನ್ನ ದಿನಾ ಎಳೆದ್ರೆ ಸೋಲೋದೇ ಅಭ್ಯಾಸ ಆಯ್ತದೆ ತಾನೇ?”

ಎಂಟು ಜನರೂ ಹಗ್ಗ ಕೆಳಗಿಟ್ಟರು. ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ! ಮಾವ ಮರವನ್ನು ನೋಡಿದ ನೋಟ ಹೇಗಿತ್ತೆಂದರೆ, ಮರವೇ ಮೋಸ ಮಾಡಿತು ಎಂಬಂತಿತ್ತು.

ಮಾರನೆಯ ದಿನದಿಂದ ಮರದ ಜಾಗಕ್ಕೆ ಹೆಂಗಸರು ಬಂದರು. ತೋಟದ ಕೆಲಸಕ್ಕೆ ಬರುವವರು, ಗೊಬ್ಬರ, ಸೌದೆ ಹೊತ್ತು ಗಟ್ಟಿಯಾದ ಹೆಗಲಿನವರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು. ಕೊನೆಯಲ್ಲಿ ಹಗ್ಗ ಸುತ್ತಿಕೊಂಡು ನಿಂತವರು ಸ್ವತಃ ನಮ್ಮ ಅತ್ತೆ! ಮಾವ ಗಂಡಸರ ಕಡೆ ಮುಂದೆ ನಿಂತು ಕೂಗುತ್ತಿದ್ದ. ಲ್ಯಾನ್ಸಿ ‘ಮೆತ್ತಗೆ ಎಳೀರೋ, ಹೆಂಗಸ್ರು’ ಎಂದು ಹೇಳುತ್ತಿದ್ದಂತೆಯೇ ಮೊದಲ ಎಳೆತ ಮುಗಿದುಹೋಯಿತು. ಗೆದ್ದವರು ಹೆಂಗಸರು. ಎರಡನೆಯದರಲ್ಲಿ ಗಂಡಸರು ಮೆತ್ತಗೆ ಎಳೆಯಲಿಲ್ಲ, ಆದರೂ ಜಾರುತ್ತ ಗೆರೆಯ ಹತ್ತಿರ ಬಂದರು. ಅವಮಾನಕ್ಕೆ ಒಬ್ಬ ನಕ್ಕ. ಅವನನ್ನು ನೋಡಿ ಉಳಿದವರೂ ನಕ್ಕರು. ನಗುತ್ತ ನಗುತ್ತ ಹಗ್ಗ ಕೈಬಿಟ್ಟರು.

ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಹಿಂದಕ್ಕೆ ಬಿದ್ದರು. ಮುಂದಿನವರಿಗೆ ಹಿಂದಿನವರು ಮೆತ್ತೆಯಾದರು. ಎಲ್ಲರಿಗಿಂತ ಹಿಂದೆ ಇದ್ದ ಅತ್ತೆ ಕಣದ ಕಲ್ಲಿನ ಅಂಚಿನಾಚೆ ಬಿದ್ದರು.

ಹಾಸನದ ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿದರು. ನಾನು ಓಡಿಹೋದಾಗ ಅತ್ತೆ ನನ್ನನ್ನು ಕೇಳಿದ ಮೊದಲ ಪ್ರಶ್ನೆ, “ಗೆದ್ದಿದ್ದು ನಾವೇ ತಾನೇ?” ಎಂದು. ಮನೆಗೆ ಬಂದ ಮೇಲೆ ಮಾವ ತಾನೇ ಕಾಫಿ ಕಾಯಿಸಿ ಕೊಡುತ್ತಿದ್ದ, ಅದನ್ನು ಅತ್ತೆ ಬೈದುಕೊಂಡು ಕುಡಿಯುತ್ತಿದ್ದರು. ತರಬೇತಿ ನಿಲ್ಲಬಾರದೆಂದು ಹಟ ಹಿಡಿದದ್ದೂ ಅತ್ತೆಯೇ. ಕಣದಲ್ಲಿ ಆದದ್ದು ಒಂದೇ ಬದಲಾವಣೆ: ಹೆಂಗಸರ ಸಾಲಿನ ಹಿಂದೆ ಮಾವ ಒಂದು ಗಾಡಿ ಒಣಹುಲ್ಲು ತಂದು ಹರಡಿದ್ದ.

ರಾಜ್ಯೋತ್ಸವದ ದಿನ ನಾನು ಪಾಠ ಮಾಡುವ ಶಾಲೆಯಲ್ಲಿ ಧ್ವಜ ಹಾರಿಸಿದ ಮೇಲೆ ರಜೆ. ಕಾರು ತೆಗೆದುಕೊಂಡು ಹೋದರೆ, ಮಾವ ಲುಂಗಿ ಉಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಾನೆ. ಪಂದ್ಯ ಕೆ. ಹೊಸಕೋಟೆಯಲ್ಲಿ, ಹೊರಡುವ ಹೊತ್ತು ಮೀರಿತ್ತು.

“ನಾನ್ ಹೋಗಲ್ಲ ಕಣವ್ವ,” ಎಂದ.

ಒಳಗಿನಿಂದ ಅತ್ತೆಯ ದನಿ ಬಂತು: “ಹೋಗ್ರೀ! ಟೀಮಿನ ಪ್ರಾಣ ಹೋಗೋ ಹೊತ್ನಾಗೆ ಮನೇಲಿ ಕೂತಿದ್ರೆ ಆ ಹುಡುಗ್ರು ಏನ್ ಅಂದ್ಕತಾರೆ? ನನ್ ಕಾಲೇನು ನೀವ್ ನೋಡ್ತಾ ಕೂತ್ರೆ ಕೂಡ್ಕತದಾ?”

ಮಾವ ಎದ್ದು ಪಂಚೆ ಉಟ್ಟ. ನಾನು ಹೊರಡುವಾಗ ಅತ್ತೆ ತಮ್ಮ ಕರೀ ಕೊಡೆಯನ್ನು ನನ್ನ ಕೈಗೆ ಕೊಟ್ಟರು.

“ಮಳೆ ಎಲ್ಲಿದೆ ಅತ್ತೆ?”

“ತಗಂಡೋಗು ಅಂದ್ನಲ್ಲ.”

ಮೈದಾನದಲ್ಲಿ ಕೆಂಪು ಹಳದಿ ತೋರಣ, ಮೈಕು, ಧೂಳು. ಲ್ಯಾನ್ಸಿ ಹಗ್ಗ ಸುತ್ತಿಕೊಂಡು ನಮ್ಮ ಕಡೆ ನೋಡಿ ತಲೆಯಾಡಿಸಿದ. ಪೀಪಿ ಊದಿದರು. ನಾನು ಹಗ್ಗ ನೋಡಲಿಲ್ಲ, ಅಭ್ಯಾಸದಂತೆ ಮಾವನನ್ನು ನೋಡಿದೆ. ಮಾವ ನೆಟ್ಟಗೆ ನಿಂತಿದ್ದ! ಕೈ ಹಿಂದಕ್ಕೆ ಕಟ್ಟಿಕೊಂಡು, ಪ್ರಾರ್ಥನೆಗೆ ನಿಂತ ಶಾಲಾ ಮಕ್ಕಳ ಹಾಗೆ. ಕೂಗಲೂ ಇಲ್ಲ. ಮೊದಲ ಎಳೆತ ಹೋಯಿತು. ಲ್ಯಾನ್ಸಿ ಬೆವರು ಒರೆಸಿಕೊಳ್ಳುತ್ತ ಜನರ ನಡುವೆ ಹುಡುಕಿ ಹುಡುಕಿ ನೋಡುತ್ತಿದ್ದ. ಅವನು ಹುಡುಕುತ್ತಿದ್ದದ್ದು ಮಾವನ ಕೂಗನ್ನು.

“ಯಾಕೆ ಮಾವ, ಇವತ್ತು ವಾಲ್ತಾ ಇಲ್ಲ?”

“ಹಿಂದ್ಗಡೆ ಯಾರವ್ರೆ ಈಗ?”

ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ದನಿಯಲ್ಲೇ ಕೇಳಿದ. ಹಗ್ಗದ ಕಡೆಯೇ ನೋಡುತ್ತ ಹೇಳಿದ:

“ಆವತ್ತು ಅವಳ್ ಹಿಂದೆ ಯಾರೂ ಇರ್ಲಿಲ್ಲ ಕಣವ್ವ. ನಾನು ಎದುರ್ಗಡೆ ನಿಂತ್ಕಂಡು ಕೂಗ್ತಿದ್ದೆ.”

ಇಷ್ಟು ವರ್ಷ ನಾವೆಲ್ಲ ನಕ್ಕದ್ದು ಯಾವುದಕ್ಕೆ? ಅತ್ತೆ ಬರುತ್ತಿದ್ದದ್ದು ಬೈಯುವುದಕ್ಕಲ್ಲ. ಕೊಡೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ನಾನು ಮಾವನ ಬೆನ್ನ ಹಿಂದೆ ಹೋಗಿ ನಿಂತೆ.

“ನಾನಿದೀನಿ ಮಾವ.”

“ತಡ್ಕತೀಯಾ?”

“ತಡ್ಕತೀನಿ.”

ಪೀಪಿ. ಮಾವನ ಹಿಮ್ಮಡಿ ನೆಲ ಕಚ್ಚಿತು, ಮೊಣಕಾಲು ಬಾಗಿತು. ‘ಹಾಕ್ರೋ!’ ಎಂದು ಹೊರಟ ಕೂಗಿಗೆ ಲ್ಯಾನ್ಸಿಯ ತಲೆ ಮೇಲೆದ್ದಿತು. ಒಣಕಲು ಮನುಷ್ಯ ಎಂದೆನಲ್ಲವೇ? ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ. ಎರಡೂ ಅಂಗೈ ಕೊಟ್ಟು ತಡೆದರೂ ನನ್ನ ಚಪ್ಪಲಿ ಧೂಳಿನಲ್ಲಿ ಜಾರುತ್ತಿತ್ತು. ಹಗ್ಗ ಅಲ್ಲಿ ಏನಾಗುತ್ತಿದೆಯೋ ನನಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಮಾವನ ಬೆನ್ನು, ಬೆವರಿದ ಅಂಗಿ. ಆಮೇಲೆ ಜನ ‘ಹೋ’ ಎಂದರು, ಬೆನ್ನು ಹಗುರಾಯಿತು. ಹಗ್ಗದ ನಡುವೆ ಕಟ್ಟಿದ ಕೆಂಪು ಬಟ್ಟೆ ನಮ್ಮ ಕಡೆಯ ಗೆರೆ ದಾಟಿತ್ತು.

ಮೂರನೆಯ ಎಳೆತ ಸೋತರು. ಪಂದ್ಯವೂ ಹೋಯಿತು. ಆದರೆ ಲ್ಯಾನ್ಸಿ ಹೇಳಿದ್ದು ಒಂದೇ ಎಳೆತ ತಾನೇ? ಎಂಟು ಜನ ಧೂಳು ಮೈಯಲ್ಲೇ ಓಡಿಬಂದು ಮಾವನನ್ನು ಎತ್ತಿಕೊಂಡರು. ಹಗ್ಗ ಅಟ್ಟಕ್ಕೆ ಹೋಗುವುದಿಲ್ಲವೆಂದು ಲ್ಯಾನ್ಸಿ ಮೈಕಿಲ್ಲದೆಯೇ ಊರಿಗೆಲ್ಲ ಕೇಳುವಂತೆ ಸಾರಿದ.

ಕೆಳಗಿಳಿದ ಕೂಡಲೇ ಮಾವ ನನ್ನ ಫೋನು ಇಸಿದುಕೊಂಡ. ಒಂದೇ ರಿಂಗಿಗೆ ಅತ್ತೆ ಎತ್ತಿದರು. ಅವರ ದನಿ ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ದೊಡ್ಡದು.

“ನಾನೇ ಕಣೇ. ಒಂದೆಳೆತ ಗೆದ್ವಿ.”

“ಬಿದ್ರಾ?”

“ಇಲ್ಲ.”

“ಒರಗಿದ್ರಾ?”

“ಒರಗ್ದೆ. ನಿನ್ನಷ್ಟು ಗಟ್ಟಿ ಇಲ್ಲ ಈ ಹುಡುಗಿ.”

ಆ ಕಡೆಯಿಂದ ಬೈಗುಳ ಬರಲಿಲ್ಲ. ಲೈನು ಕಟ್ಟಾಯಿತೇನೋ ಎಂದು ಮಾವ ಫೋನನ್ನು ಒಮ್ಮೆ ನೋಡಿ ಮತ್ತೆ ಕಿವಿಗಿಟ್ಟುಕೊಂಡ. ಆಗ ಅತ್ತೆ ಮೆಲ್ಲಗೆ ಹೇಳಿದರು, “ಮುಂದಿನ್ ವರ್ಷ ನಾನೇ ಬತ್ತೀನಿ, ಬುಡಿ.”